ಹ್ಯಾಮ್ಲೆಟನ ಸ್ವಗತವೂ ಅದರ ಶ್ರೋತೃಗಳೂ: ಚಲಚ್ಚಿತ್ರಗಳಲ್ಲಿ ಒಂದು ನಾಟಕದೃಶ್ಯ

೧

ಶೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದ ಮೊದಲನೆಯ ದೃಶ್ಯದಲ್ಲಿ ಬರುವ ಸ್ವಗತವು ಆ ನಾಟಕವನ್ನು ಓದದವರಿಗೂ ಪರಿಚಿತವಾದುದು. ಬಾಳಿನ ಭಾರವನ್ನು ಹೊತ್ತು ನಡೆಯುವುದೋ, ಅದನ್ನು ಇಳಿಸಿಬಿಡುವುದೋ ಎಂಬ ಸಂಶಯದಿಂದ ಅದು ಮೊದಲಾಗುತ್ತದೆ. ಸಾವಿನಾಚೆಯ ಅಜ್ಞಾತವೇ ಮನುಷ್ಯನ ಕೈಕಾಲುಗಳನ್ನು ಕಟ್ಟಿಹಾಕುತ್ತದೆಂಬ ನಿರ್ಣಯದಲ್ಲಿ ಮುಗಿಯುತ್ತದೆ. ಮೂವತ್ತಕ್ಕೆ ಮೇಲ್ಪಟ್ಟ ಪಂಕ್ತಿಗಳುಳ್ಳ ಈ ಭಾಷಣವು ಕಂಠಪಾಠಕ್ಕೂ ವಾಚನಕ್ಕೂ ಸಂಕಲನಗ್ರಂಥಗಳಿಗೂ ಬಹುಕಾಲದಿಂದ ಒದಗಿಬಂದಿದೆ. ಆದರೆ ಈ ಪ್ರಸಿದ್ಧಿಯೇ ಅದಕ್ಕೆ ಒಂದು ಅಪಕಾರವನ್ನೂ ಮಾಡಿದೆ. ನಾಟಕದಿಂದ ಕಿತ್ತು ತೆಗೆದ ಭಾಷಣವು ಬಿಡಿಕವಿತೆಯಂತೆ ನಿಲ್ಲುತ್ತದೆ. ಅದರ ಸುತ್ತಲಿದ್ದ ರಂಗಸ್ಥಳವು ಓದುಗರ ಕಣ್ಣಿಗೆ ಮರೆಯಾಗುತ್ತದೆ.

ಚಲಚ್ಚಿತ್ರವು ಬಂದಮೇಲೆ ಈ ವಿಚಾರಕ್ಕೆ ಹೊಸದೊಂದು ಮಹತ್ವವು ಪ್ರಾಪ್ತವಾಗಿದೆ. ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹ್ಯಾಮ್ಲೆಟನನ್ನು ಮೊದಲು ಕಾಣುವುದು ಪುಸ್ತಕದಲ್ಲಲ್ಲ, ತೆರೆಯ ಮೇಲೆ. ತೆರೆಯು ಯಾವ ಹ್ಯಾಮ್ಲೆಟನನ್ನು ತೋರಿಸುವುದೋ ಆತನೇ ಅವರ ಮನಸ್ಸಿನಲ್ಲಿ ನೆಲೆಗೊಳ್ಳುವನು. ಆದುದರಿಂದ ಪ್ರಸಿದ್ಧವಾದ ಚಿತ್ರಗಳು ಈ ಒಂದು ದೃಶ್ಯವನ್ನು ಹೇಗೆ ಅಭಿನಯಿಸಿ ತೋರಿಸಿವೆಯೆಂಬುದನ್ನು ಹೋಲಿಸಿ ನೋಡುವುದು ನಟರ ಗುಣದೋಷಗಳ ಗಣನೆಯಷ್ಟಕ್ಕೇ ಮುಗಿಯುವ ಕೆಲಸವಲ್ಲ. ಮೂಲನಾಟಕದ ಅರ್ಥನಿರ್ಣಯಕ್ಕೆ ಸೇರಿದ ಕೆಲಸ. ಈ ಹೋಲಿಕೆಯಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಯೂ ಒಂದೇ: ಹ್ಯಾಮ್ಲೆಟನು ಈ ಮಾತುಗಳನ್ನಾಡುವಾಗ ನಿಜವಾಗಿ ಒಬ್ಬನೇ ಇರುವನೇ?

೨

ಮೂಲವನ್ನು ನೋಡಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ದೃಶ್ಯವು ಮೊದಲಾಗುವುದು ಹ್ಯಾಮ್ಲೆಟನಿಂದಲ್ಲ, ಕ್ಲಾಡಿಯಸ್ ರಾಜನಿಂದ. ರಾಜಪುತ್ರನ ಉನ್ಮಾದಕ್ಕೆ ಕಾರಣವನ್ನು ಕಂಡುಹಿಡಿಯಬೇಕೆಂದು ರಾಜನೂ ಮಂತ್ರಿ ಪೊಲೋನಿಯಸನೂ ಒಂದು ಹೂಟವನ್ನು ಹೂಡಿರುವರು. ಮಂತ್ರಿಯು ತನ್ನ ಮಗಳಾದ ಒಫೀಲಿಯಾಳ ಕೈಗೆ ಒಂದು ಪುಸ್ತಕವನ್ನು ಕೊಟ್ಟು, ಪ್ರಾರ್ಥನಾಪರಳಂತೆ ಕಾಣಿಸಿಕೊಳ್ಳುತ್ತ ಅಲ್ಲಿಯೇ ಸುಳಿದಾಡುತ್ತಿರೆಂದು ಆಜ್ಞಾಪಿಸುವನು. ಭಕ್ತಿಯ ಮುಖವಾಡದಿಂದ ಪಾಪವನ್ನು ಮುಚ್ಚುವುದು ಲೋಕದಲ್ಲಿ ಸಾಮಾನ್ಯವೆಂಬ ಮಾತೊಂದು ಮಂತ್ರಿಯ ಬಾಯಿಂದ ಹೊರಡುತ್ತದೆ. ಅದನ್ನು ಕೇಳಿದೊಡನೆ ರಾಜನು ತನ್ನೊಳಗೆ ತಾನು ಬೆಚ್ಚಿ, ತನ್ನ ಕೃತ್ಯದ ಭಾರವನ್ನು ಪ್ರೇಕ್ಷಕರಿಗೆ ಮಾತ್ರ ಕೇಳುವಂತೆ ಒಪ್ಪಿಕೊಳ್ಳುವನು. ಪ್ರೇತದ ಮಾತು ನಿಜವೆಂಬುದಕ್ಕೆ ಪ್ರೇಕ್ಷಕರಿಗೆ ದೊರೆಯುವ ಮೊದಲನೆಯ ಸಾಕ್ಷ್ಯವೇ ಇದು. ಹ್ಯಾಮ್ಲೆಟನಿಗೆ ಅದಿನ್ನೂ ದೊರೆತಿಲ್ಲ. ಅನಂತರ ಇಬ್ಬರೂ ಮರೆಗೆ ಸರಿಯುವರು. ಹ್ಯಾಮ್ಲೆಟನು ಪ್ರವೇಶಿಸುವನು.

ಸ್ವಗತವು ಮುಗಿದ ಬಳಿಕ ಒಫೀಲಿಯಾಳೊಡನೆ ಕಠೋರವಾದ ಸಂಭಾಷಣೆಯು ನಡೆಯುತ್ತದೆ. ಹ್ಯಾಮ್ಲೆಟನು ಹೊರಟುಹೋದಮೇಲೆ ಒಫೀಲಿಯಾ ತಾನೂ ಒಂದು ಸ್ವಗತದಲ್ಲಿ, ಭಗ್ನವಾದ ಆ ಮಹಾಮನಸ್ಸಿಗಾಗಿ ಮರುಗುವಳು. ಆಗಲೂ ತಂದೆಯೂ ರಾಜನೂ ಮರೆಯಲ್ಲಿಯೇ ಇರುವರು. ಹೊರಬಂದ ಮಂತ್ರಿಯು, ನಡೆದುದನ್ನು ಮಗಳು ಹೇಳಬೇಕಾಗಿಲ್ಲ, ತಾವೆಲ್ಲವನ್ನೂ ಕೇಳಿದೆವೆಂದು ತಿಳಿಸುವನು. ಹೀಗೆ ಒಂದೇ ದೃಶ್ಯದಲ್ಲಿ ಮೂವರು ತಮ್ಮ ಅಂತರಂಗವನ್ನು ತೆರೆದಿರುವರು. ಕೇಳುವ ಕಿವಿಗಳ ಚಿಂತೆಯು ಮೂರು ಕಡೆಯೂ ಹೊಂಚಿಕೊಂಡಿದೆ.

ಈ ನಾಟಕದ ಮೂರು ಪ್ರಾಚೀನ ಪಾಠಗಳು ಉಪಲಬ್ಧವಾಗಿವೆ: ೧೬೦೩ರ ಮೊದಲನೆಯ ಕ್ವಾರ್ಟೊ, ೧೬೦೪-೦೫ರ ಎರಡನೆಯ ಕ್ವಾರ್ಟೊ, ೧೬೨೩ರ ಫೋಲಿಯೊ. ಮೊದಲನೆಯದರಲ್ಲಿ ಈ ಪ್ರಕರಣವು ಉಳಿದೆರಡಕ್ಕಿಂತ ಮುಂಚಿತವಾಗಿಯೇ ಬರುತ್ತದೆ. ಭಾಷಣದ ಮಾತುಗಳೂ ಬಹಳ ಭಿನ್ನವಾಗಿವೆ. ಆದರೆ ಎರಡು ಸಂಗತಿಗಳಲ್ಲಿ ಮೂರು ಪಾಠಗಳಿಗೂ ಐಕಮತ್ಯವಿದೆ. ಮರೆಯಲ್ಲಿ ನಿಂತ ಶ್ರೋತೃಗಳು ಮೂರರಲ್ಲಿಯೂ ಇರುವರು. ಸ್ವಗತವು ಒಫೀಲಿಯಾಳ ಸಂಭಾಷಣೆಗಿಂತ ಮೊದಲೇ ಬರುವುದೂ ಮೂರರಲ್ಲಿ ಸಮಾನ. ಚಿತ್ರಗಳನ್ನು ಪರೀಕ್ಷಿಸುವಾಗ ಈ ಎರಡು ಅಂಶಗಳನ್ನು ಮರೆಯಕೂಡದು.

೩

ಈ ಸಂದರ್ಭದ ಸೂಕ್ಷ್ಮವನ್ನು ತಿಳಿಯುವುದಕ್ಕೆ ಭಾರತೀಯ ನಾಟ್ಯಲಕ್ಷಣಕಾರರ ಪರಿಭಾಷೆಯು ಬಹಳ ಉಪಯುಕ್ತವಾಗಿದೆ. ಹತ್ತನೆಯ ಶತಮಾನದ ಧನಂಜಯನು ತನ್ನ ‘ದಶರೂಪಕ’ದಲ್ಲಿ ಪಾತ್ರಗಳ ಮಾತನ್ನು, ಅದನ್ನು ಕೇಳುವವರು ಯಾರೆಂಬುದರ ಮೇಲೆ ವಿಭಾಗಿಸಿರುವನು. ಎಲ್ಲರಿಗೂ ಕೇಳಿಸುವುದು ಸರ್ವಶ್ರಾವ್ಯ, ಅದೇ ಪ್ರಕಾಶ. ಯಾರಿಗೂ ಕೇಳಿಸದುದು ಅಶ್ರಾವ್ಯ, ಅದೇ ಸ್ವಗತ. ಕೆಲವರಿಗೆ ಮಾತ್ರ ಕೇಳಿಸುವುದು ನಿಯತಶ್ರಾವ್ಯ, ಅದರಲ್ಲಿ ಜನಾಂತಿಕ, ಅಪವಾರಿತ ಎಂದು ಎರಡು ಬಗೆ. ಈ ವಿಭಾಗದ ತಿರುಳೇನೆಂದರೆ, ನಾಟಕದಲ್ಲಿ ಮಾತಿನ ಅರ್ಥವು ಆಡುವವನೊಬ್ಬನಲ್ಲಿ ನಿಲ್ಲದೆ, ಕೇಳುವವನಲ್ಲಿಯೂ ಪಾಲುಗೊಳ್ಳುತ್ತದೆಂಬುದು.

ಇದಕ್ಕೆ ಸಂಸ್ಕೃತನಾಟಕಗಳಿಂದಲೇ ನಿದರ್ಶನಗಳನ್ನು ಕೊಡಬಹುದು. ಶಾಕುಂತಲದ ಮೊದಲನೆಯ ಅಂಕದಲ್ಲಿ ಮರಗಳ ಮರೆಯಲ್ಲಿ ನಿಂತ ದುಷ್ಯಂತನು ಸಖಿಯರ ಸರಸಸಂಭಾಷಣೆಯನ್ನು ಕೇಳುವನು; ಆತನು ಅಲ್ಲಿಲ್ಲದಿದ್ದರೆ ಅದು ಗಿಡಗಳಿಗೆ ನೀರೆರೆಯುವ ಹುಡುಗಿಯರ ಹರಟೆಯಾಗಿ ಉಳಿಯುತ್ತಿತ್ತು. ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕವು ಇನ್ನೂ ಬಲವಾದ ನಿದರ್ಶನ. ಪಂಚವಟಿಯಲ್ಲಿ ರಾಮನು ವಾಸಂತಿಯೆದುರಿಗೆ ಗೋಳಿಡುತ್ತಿರುವಾಗ ಸೀತೆಯು ಅದೃಶ್ಯಳಾಗಿ ತಮಸೆಯೊಡನೆ ಪಕ್ಕದಲ್ಲಿಯೇ ಇರುವಳು. ರಾಮನ ಶೋಕವು ಕರುಣರಸವಾಗಿ ಪರಿಪಾಕಗೊಳ್ಳುವುದು ಅದನ್ನು ಸೀತೆಯು ಕೇಳುತ್ತಿರುವುದರಿಂದಲೇ. ಆ ಅಂಕದಿಂದ ಸೀತೆಯನ್ನು ತೆಗೆದುಬಿಟ್ಟರೆ ಶ್ಲೋಕಗಳೆಲ್ಲ ಉಳಿಯುತ್ತವೆ, ನಾಟಕವು ಹೋಗುತ್ತದೆ.

ಹ್ಯಾಮ್ಲೆಟನ ಭಾಷಣವು ರೂಪದಲ್ಲಿ ಅಶ್ರಾವ್ಯ. ಸಂದರ್ಭದಲ್ಲಿ ನಿಯತಶ್ರಾವ್ಯದ ಅಂಚಿನಲ್ಲಿರುವುದು. ಮರೆಯವರಿಗೆ ಅದು ಕೇಳಿಸಿತೋ ಇಲ್ಲವೋ, ಅವರಿರುವುದು ಹ್ಯಾಮ್ಲೆಟನಿಗೆ ಗೊತ್ತೋ ಇಲ್ಲವೋ ಎಂಬುದನ್ನು ಕವಿಯು ಬಿಡಿಸಿ ಹೇಳಿಲ್ಲ. ಜಾನ್ ಡೋವರ್ ವಿಲ್ಸನ್ ಪಂಡಿತರು ೧೯೩೫ರ ತಮ್ಮ ಗ್ರಂಥದಲ್ಲಿ, ಈ ಹೂಟವನ್ನು ಹ್ಯಾಮ್ಲೆಟನು ಎರಡನೆಯ ಅಂಕದಲ್ಲಿಯೇ ಆಕಸ್ಮಿಕವಾಗಿ ಕೇಳಿಸಿಕೊಂಡಿದ್ದನೆಂದು ವಾದಿಸಿದರು. ಅದನ್ನು ಎಲ್ಲರೂ ಒಪ್ಪಿದವರಲ್ಲ. ಭಾಷಣದಲ್ಲಿ ಉತ್ತಮಪುರುಷ ಏಕವಚನವು ಒಮ್ಮೆಯಾದರೂ ಬರುವುದಿಲ್ಲ. ತಂದೆಯ ಕೊಲೆಯಾಗಲಿ, ತಾಯಿಯ ಪುನರ್ವಿವಾಹವಾಗಲಿ, ಪ್ರತೀಕಾರದ ಪ್ರತಿಜ್ಞೆಯಾಗಲಿ ಹೆಸರಿಗೂ ಕಾಣುವುದಿಲ್ಲ. ಇದು ಸಮಸ್ತ ಮಾನವರ ಪರವಾಗಿ ಆಡಿದ ಮಾತೋ, ಗೋಡೆಗೂ ಕಿವಿಯುಂಟೆಂದು ತಿಳಿದವನ ಎಚ್ಚರಿಕೆಯ ಮಾತೋ? ಎರಡಕ್ಕೂ ಅವಕಾಶವಿರುವುದರಿಂದಲೇ ದೃಶ್ಯವು ಜೀವಂತವಾಗಿದೆ.

೪

೧೯೪೮ರಲ್ಲಿ ಲಾರೆನ್ಸ್ ಒಲಿವಿಯರ್ ತಾವೇ ನಿರ್ದೇಶಿಸಿ ನಾಯಕರಾಗಿ ಅಭಿನಯಿಸಿದ ಆಂಗ್ಲಚಿತ್ರವು ಅತ್ಯುತ್ತಮ ಚಿತ್ರಕ್ಕೂ ಅತ್ಯುತ್ತಮ ನಟನಿಗೂ ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕಪ್ಪುಬಿಳುಪಿನ ಆ ಚಿತ್ರದಲ್ಲಿ ದೃಶ್ಯದ ಕ್ರಮವು ತಲೆಕೆಳಗಾಗಿದೆ. ಒಫೀಲಿಯಾಳೊಡನೆ ಸಂಭಾಷಣೆಯು ಮೊದಲು ಮುಗಿಯುತ್ತದೆ. ಮೆಟ್ಟಿಲುಗಳ ಮೇಲೆ ಕುಸಿದು ಅಳುತ್ತಿರುವ ಆಕೆಯನ್ನು ಹಿಂದಕ್ಕೆ ಬಿಟ್ಟು ಛಾಯಾಯಂತ್ರವು ಸುರುಳಿಮೆಟ್ಟಿಲನ್ನೇರುತ್ತ ಕೋಟೆಯ ತುತ್ತತುದಿಗೆ ಹೋಗುತ್ತದೆ. ಕೆಳಗೆ ಬಂಡೆಗಳಿಗೆ ಬಡಿಯುವ ಸಮುದ್ರ. ಯಂತ್ರವು ಹ್ಯಾಮ್ಲೆಟನ ತಲೆಯ ಹಿಂಬದಿಯನ್ನು ಸಮೀಪಿಸಿ ಆ ತಲೆಯೊಳಗನ್ನೇ ಹೊಕ್ಕಂತೆ ಭಾಸವಾಗುತ್ತದೆ. ಭಾಷಣದ ಕೆಲವು ಭಾಗವನ್ನು ನಟನು ಬಾಯ್ದೆರೆದು ಆಡುವನು. ಕೆಲವು ಭಾಗವು ಮುಚ್ಚಿದ ತುಟಿಗಳ ಹಿಂದಿನಿಂದ ಧ್ವನಿಮಾತ್ರವಾಗಿ ಬರುತ್ತದೆ. ಕೈಯಲ್ಲಿದ್ದ ಕಿರುಗತ್ತಿಯು ಜಾರಿ ಸಮುದ್ರಕ್ಕೆ ಬೀಳುತ್ತದೆ.

ಈ ಏರ್ಪಾಡಿನ ಸೊಬಗನ್ನು ಅಲ್ಲಗಳೆಯುವಂತಿಲ್ಲ. ರಂಗಭೂಮಿಯ ನಟನು ಮನಸ್ಸಿನ ಮಾತನ್ನು ಸಾವಿರ ಜನರಿಗೆ ಕೇಳುವಂತೆ ಕೂಗಿ ಹೇಳಬೇಕಾಗಿತ್ತು. ಅದು ಸ್ವಗತವೆಂದು ಭಾವಿಸಿಕೊಳ್ಳುವುದು ಪ್ರೇಕ್ಷಕರ ಔದಾರ್ಯಕ್ಕೆ ಬಿಟ್ಟದ್ದು. ಮುಚ್ಚಿದ ತುಟಿಯ ಧ್ವನಿಯಿಂದ ಅಶ್ರಾವ್ಯವು ಅಕ್ಷರಶಃ ಅಶ್ರಾವ್ಯವಾಯಿತು. ನಟನ ಕಣ್ಣಿನ ಅಲುಗಾಟವೂ ಅಭಿನಯವಾಯಿತು.

ಆದರೆ ಲಾಭದೊಡನೆ ನಷ್ಟವನ್ನೂ ಎಣಿಸಬೇಕು. ಗೋಪುರದ ಮೇಲೆ ಯಾರೂ ಇಲ್ಲ, ಯಾರೂ ಬರುವಂತಿಲ್ಲ. ಯಾರಿಗೂ ಕೇಳಿಸದ ಮಾತಿನಿಂದ ಯಾವ ಅಪಾಯವೂ ಇಲ್ಲ. ಕ್ರಮವು ಬದಲಾದುದರಿಂದ ಇನ್ನೊಂದು ಪರಿಣಾಮವೂ ಉಂಟಾಗಿದೆ. ಮೂಲದಲ್ಲಿ ಹ್ಯಾಮ್ಲೆಟನು ಈ ಚಿಂತೆಯನ್ನು ಹೊತ್ತುಕೊಂಡೇ ಬರುವನು. ಅದಕ್ಕೆ ತಕ್ಷಣದ ಕಾರಣವೊಂದನ್ನು ಕವಿಯು ಕೊಟ್ಟಿಲ್ಲ. ಇಲ್ಲಿಯಾದರೋ ಅದು ಪ್ರಣಯಭಂಗದ ಫಲವಾಗಿ ತೋರುತ್ತದೆ. ಲೋಕವಿಚಾರವು ಒಬ್ಬ ಯುವಕನ ನಿರಾಶೆಯಾಗಿ ಕುಗ್ಗುತ್ತದೆ. ಈ ನಾಟಕವು ನಿರ್ಧಾರ ಮಾಡಲಾರದವನೊಬ್ಬನ ದುರಂತವೆಂದು ಚಿತ್ರದ ಆರಂಭದಲ್ಲಿಯೇ ಸಾರಲಾಗಿದೆ; ಅದನ್ನು ಸಾಧಿಸುವುದಕ್ಕೆ ಶ್ರೋತೃಗಳಿಲ್ಲದ ಗೋಪುರವು ಬೇಕಾಗಿತ್ತು. ೧೯೯೦ರಲ್ಲಿ ಫ್ರಾಂಕೊ ಜೆಫಿರೆಲ್ಲಿಯವರ ಚಿತ್ರವು ಇದೇ ಕ್ರಮವ್ಯತ್ಯಾಸವನ್ನು ಅನುಸರಿಸಿ, ಮೆಲ್ ಗಿಬ್ಸನ್ನರ ಹ್ಯಾಮ್ಲೆಟನನ್ನು ಪೂರ್ವಿಕರ ಸಮಾಧಿಗೃಹಕ್ಕೆ ಇಳಿಸಿತು. ಶಿಖರಕ್ಕೆ ಬದಲಾಗಿ ನೆಲಮಾಳಿಗೆ. ಏಕಾಂತವು ಮಾತ್ರ ಅದೇ.

೫

೧೯೬೪ರಲ್ಲಿ ಗ್ರಿಗೊರಿ ಕೊಜಿನ್‌ತ್ಸೆವರು ನಿರ್ದೇಶಿಸಿದ ರಷ್ಯನ್ ಚಿತ್ರವು ಬೋರಿಸ್ ಪಾಸ್ಟರ್‌ನಾಕ್ ಕವಿಯ ಭಾಷಾಂತರವನ್ನು ಆಧರಿಸಿದೆ, ಸಂಗೀತವು ಶೊಸ್ತಕೋವಿಚರದು. ಇನ್ನೊಕೆಂತಿ ಸ್ಮೊಕ್ತುನೊವ್‌ಸ್ಕಿಯವರ ಹ್ಯಾಮ್ಲೆಟನು ಕಡಲತೀರದ ದೊಡ್ಡ ಬಂಡೆಗಳ ನಡುವೆ ಒಬ್ಬನೇ ನಡೆಯುವನು. ತುಟಿಗಳು ಅಲುಗುವುದಿಲ್ಲ, ಭಾಷಣವು ಒಳದನಿಯಾಗಿ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ಒಲಿವಿಯರ್ ಅವರ ಮಾರ್ಗವೇ ಎಂದು ತೋರಬಹುದು. ಅಲ್ಲಿಯೂ ಸಮುದ್ರ, ಇಲ್ಲಿಯೂ ಸಮುದ್ರ. ಅಲ್ಲಿಯೂ ಏಕಾಂತ, ಇಲ್ಲಿಯೂ ಏಕಾಂತ.

ಆದರೆ ಒಂದು ಅಭಿನಯದ ಅರ್ಥವನ್ನು ಅದರ ಸುತ್ತಲ ಚಿತ್ರದಿಂದ ತಿಳಿಯಬೇಕಲ್ಲದೆ ಅದನ್ನೊಂದನ್ನೇ ಕತ್ತರಿಸಿ ನೋಡಕೂಡದು. ಕೊಜಿನ್‌ತ್ಸೆವರ ಎಲ್ಸಿನೋರ್ ಜನನಿಬಿಡವಾದ ರಾಜ್ಯಯಂತ್ರ. ಎಲ್ಲೆಲ್ಲಿಯೂ ಕಾವಲು, ಪಿಸುಮಾತು, ಬಾಗಿದ ಬೆನ್ನುಗಳು. ಒಫೀಲಿಯಾಳ ದೇಹಕ್ಕೆ ಕಬ್ಬಿಣದ ಕುಪ್ಪಸವನ್ನು ತೊಡಿಸುವ ಪ್ರಸಂಗವು ಆ ರಾಜ್ಯದ ಸ್ವರೂಪವನ್ನು ಒಂದೇ ನೋಟದಲ್ಲಿ ತಿಳಿಸುತ್ತದೆ. ಹ್ಯಾಮ್ಲೆಟನ ಮೊದಲನೆಯ ಸ್ವಗತವನ್ನೂ ನಿರ್ದೇಶಕರು ಒಳದನಿಯಾಗಿಯೇ ಇಟ್ಟಿರುವರು; ಆಗ ಆತನು ನಡೆಯುತ್ತಿರುವುದು ಆಸ್ಥಾನಿಕರ ಗುಂಪಿನ ನಡುವೆ. ಅಕ್ಕಪಕ್ಕದವರು ನಗುತ್ತಿರುವರು, ನಮಸ್ಕರಿಸುತ್ತಿರುವರು. ಅವನ ಮನಸ್ಸು ಅವರಿಗೆ ಮುಚ್ಚಿದೆ. ಇಂಥ ಸ್ಥಳದಲ್ಲಿ ತುಟಿ ತೆರೆದರೆ ಮಾತು ರಾಜನ ಕಿವಿಗೆ ಬಿದ್ದಂತೆಯೇ. ಆದುದರಿಂದ ಮೌನವು ಇಲ್ಲಿ ಏಕಾಂತದ ಸುಖದಿಂದ ಹುಟ್ಟಿದುದಲ್ಲ, ಬಲಾತ್ಕಾರದಿಂದ ಬಂದುದು. ಚಿತ್ರವು ಮರೆಯಲ್ಲಿ ನಿಂತ ಇಬ್ಬರನ್ನು ದೃಶ್ಯದಿಂದ ತೆಗೆದು, ಆ ಕಿವಿಗಳನ್ನು ರಾಜ್ಯದ ತುಂಬ ಹಂಚಿದೆ. ಶ್ರೋತೃವು ಕಾಣಿಸದಿದ್ದರೂ ತುಟಿ ಮುಚ್ಚಿರುವುದರಿಂದಲೇ ಆತನ ಇರವು ಗೊತ್ತಾಗುತ್ತದೆ.

ಪಾಸ್ಟರ್‌ನಾಕರು ೧೯೫೮ರಲ್ಲಿ ನೊಬೆಲ್ ಪಾರಿತೋಷಕವನ್ನು ರಾಜಕೀಯದ ಒತ್ತಾಯದಿಂದ ನಿರಾಕರಿಸಬೇಕಾಗಿ ಬಂದುದನ್ನೂ, ೧೯೬೦ರಲ್ಲಿ ತೀರಿಕೊಂಡುದನ್ನೂ ಬಲ್ಲ ಪ್ರೇಕ್ಷಕರಿಗೆ ಆ ಭಾಷಾಂತರದ ಮಾತುಗಳು ಮುಚ್ಚಿದ ತುಟಿಯಿಂದ ಬರುವುದರಲ್ಲಿ ಇನ್ನೊಂದು ಅರ್ಥವೂ ಹೊಳೆಯದೆ ಇರದು. ಅದನ್ನು ಒತ್ತಿ ಹೇಳಬೇಕಾಗಿಲ್ಲ. ಒಂದೇ ಉಪಾಯವು ಒಂದು ಚಿತ್ರದಲ್ಲಿ ನಾಟಕವನ್ನು ಕುಗ್ಗಿಸಿ ಇನ್ನೊಂದರಲ್ಲಿ ಹಿಗ್ಗಿಸಬಲ್ಲುದೆಂಬುದಕ್ಕೆ ಇವೆರಡು ಚಿತ್ರಗಳು ತಕ್ಕ ಸಾಕ್ಷಿ.

೬

೧೯೯೬ರಲ್ಲಿ ಕೆನೆತ್ ಬ್ರಾನಾ ಅವರು ಎರಡನೆಯ ಕ್ವಾರ್ಟೊ ಮತ್ತು ಫೋಲಿಯೊ ಪಾಠಗಳನ್ನು ಕೂಡಿಸಿ, ಸುಮಾರು ನಾಲ್ಕು ಗಂಟೆಗಳ ಕಾಲ ನಡೆಯುವ ಚಿತ್ರವನ್ನು ನಿರ್ಮಿಸಿದರು. ಕಾಲವನ್ನು ಹತ್ತೊಂಬತ್ತನೆಯ ಶತಮಾನಕ್ಕೆ ತಂದಿರುವರು. ಕನ್ನಡಿಯ ಬಾಗಿಲುಗಳಿಂದ ಸುತ್ತುವರಿದ ವಿಶಾಲವಾದ ಆಸ್ಥಾನಮಂಟಪವೇ ಇಲ್ಲಿ ಈ ದೃಶ್ಯದ ರಂಗ. ಆ ಕನ್ನಡಿಗಳಲ್ಲೊಂದರ ಹಿಂದೆ ರಾಜನೂ ಮಂತ್ರಿಯೂ ಅಡಗಿರುವರು. ಒಳಗಿನವರಿಗೆ ಹೊರಗಿನವನು ಕಾಣುವನು. ಹೊರಗಿನವನಿಗೆ ತನ್ನ ಪ್ರತಿಬಿಂಬವಷ್ಟೇ ಕಾಣುವುದು. ಹ್ಯಾಮ್ಲೆಟನು ಅದೇ ಕನ್ನಡಿಯೆದುರಿಗೆ ನಿಂತು, ತಗ್ಗಿದ ದನಿಯಲ್ಲಿ, ಆದರೆ ಬಾಯ್ದೆರೆದು, ಸಂಪೂರ್ಣ ಭಾಷಣವನ್ನು ಆಡುವನು. ಛಾಯಾಯಂತ್ರವು ನಿಧಾನವಾಗಿ ಮುಂದೆ ಸರಿಯುತ್ತ ಕೊನೆಗೆ ಪ್ರತಿಬಿಂಬವೊಂದನ್ನೇ ಉಳಿಸಿಕೊಳ್ಳುತ್ತದೆ. ಕಿರುಗತ್ತಿಯನ್ನು ಹೊರಗೆಳೆದಾಗ ಕನ್ನಡಿಯ ಹಿಂದೆ, ಡೆರೆಕ್ ಜಾಕೊಬಿಯವರು ಅಭಿನಯಿಸಿದ ಕ್ಲಾಡಿಯಸನು ಬೆಚ್ಚುವನು.

ಮೂಲದ ನಾಟ್ಯಸಂದರ್ಭವನ್ನು ಇಷ್ಟು ಸ್ಪಷ್ಟವಾಗಿ ತೆರೆಗೆ ತಂದ ಕೀರ್ತಿಯು ಈ ಚಿತ್ರಕ್ಕೆ ಸಲ್ಲಬೇಕು. ಹ್ಯಾಮ್ಲೆಟನು ತನ್ನನ್ನು ತಾನೇ ನೋಡಿಕೊಳ್ಳುತ್ತಿರುವೆನೆಂದು ತಿಳಿದಿರುವಾಗ ಶತ್ರುವನ್ನೇ ನೋಡುತ್ತಿರುವನು. ಶತ್ರುವಾದರೋ ಕೊಲೆಗೆ ಮೊದಲೇ ಕೊಲೆಗಾರನ ಕಣ್ಣನ್ನು ಕಾಣುತ್ತಿರುವನು. ಸ್ವಗತವು ಅಶ್ರಾವ್ಯವಾಗಿದ್ದುಕೊಂಡೇ ನಿಯತಶ್ರಾವ್ಯವಾಗುವ ವೈಚಿತ್ರ್ಯಕ್ಕೆ ಇದಕ್ಕಿಂತ ಉಚಿತವಾದ ದೃಶ್ಯರೂಪವು ಸಿಕ್ಕುವುದು ಕಷ್ಟ.

ಆದರೂ ಒಂದು ಕೊರತೆಯು ಉಳಿಯುತ್ತದೆ. ಕಿರುಗತ್ತಿಯು ಕನ್ನಡಿಯ ಕಡೆಗೆ ತಿರುಗಿದ ಕ್ಷಣದಲ್ಲಿ, ಸಾವನ್ನು ಕುರಿತ ವಿಚಾರವು ರಾಜನಿಗೆ ಒಡ್ಡಿದ ಬೆದರಿಕೆಯಂತೆ ಕಾಣತೊಡಗುತ್ತದೆ. ಪ್ರೇಕ್ಷಕನು ಆಮೇಲೆ ಮಾತನ್ನು ಕೇಳುವುದನ್ನು ಬಿಟ್ಟು, ರಾಜನು ಏನು ಮಾಡುವನೋ ಎಂದು ಕಾಯುವನು. ಭಾಷಣದ ಗಹನವಾದ ಉತ್ತರಾರ್ಧವು ಕುತೂಹಲದ ಕೆಳಗೆ ಮುಚ್ಚಿಹೋಗುತ್ತದೆ. ಒಲಿವಿಯರ್ ಅವರಲ್ಲಿ ಚಿಂತೆಯು ಉಳಿದು ನಾಟಕವು ಹೋಯಿತು. ಬ್ರಾನಾ ಅವರಲ್ಲಿ ನಾಟಕವು ಬಂದು ಚಿಂತೆಯು ಸೊರಗಿತು. ಎರಡನ್ನೂ ತೂಗಿ ಹಿಡಿದವರಲ್ಲಿ ಕೊಜಿನ್‌ತ್ಸೆವರೇ ಹೆಚ್ಚಿನವರೆಂದು ಹೇಳಬೇಕಾಗುತ್ತದೆ.

೭

ಈಚಿನ ಎರಡು ಚಿತ್ರಗಳು ಈ ವಿಚಾರಕ್ಕೆ ಬೇರೆ ದಿಕ್ಕಿನಿಂದ ಬೆಳಕನ್ನು ಬೀರುವುವು. ೨೦೦೦ದ ಚಿತ್ರದಲ್ಲಿ ಮೈಕೇಲ್ ಆಲ್ಮರೇಡಾ ಅವರು ಡೆನ್ಮಾರ್ಕನ್ನು ನ್ಯೂಯಾರ್ಕ್ ನಗರದ ಒಂದು ವ್ಯಾಪಾರಸಂಸ್ಥೆಯನ್ನಾಗಿ ಮಾಡಿರುವರು. ಈಥನ್ ಹಾಕ್ ಅವರ ಹ್ಯಾಮ್ಲೆಟನು ಚಿತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ, ಸಾಹಸಚಿತ್ರಗಳ ಸಾಲುಗಳ ನಡುವೆ ಅಲೆಯುತ್ತ ಈ ಭಾಷಣವನ್ನು ಚಿಂತಿಸುವನು. ಕ್ರಿಯೆಯ ಹೆಸರು ಹೊತ್ತ ಫಲಕಗಳ ಕೆಳಗೆ ನಿಷ್ಕ್ರಿಯನು ನಡೆಯುವ ವ್ಯಂಗ್ಯವು ಸುಲಭವಾಗಿಯೇ ತಿಳಿಯುತ್ತದೆ. ಅದಕ್ಕಿಂತ ಗಮನಾರ್ಹವಾದುದು ಒಫೀಲಿಯಾಳ ಸಂಭಾಷಣೆಯಲ್ಲಿದೆ: ಆಕೆಯ ಉಡುಪಿನೊಳಗೆ ತಂದೆಯು ಧ್ವನಿಗ್ರಾಹಕಯಂತ್ರವನ್ನು ಕಟ್ಟಿರುವನು. ಮರೆಯಲ್ಲಿ ನಿಲ್ಲುತ್ತಿದ್ದ ಶ್ರೋತೃವು ಪ್ರಿಯತಮೆಯ ಮೈಮೇಲೆಯೇ ಕುಳಿತನು.

ವಿಶಾಲ್ ಭಾರದ್ವಾಜರು ೨೦೧೪ರಲ್ಲಿ ನಿರ್ಮಿಸಿದ ‘ಹೈದರ್’ ಎಂಬ ಹಿಂದೀ ಚಿತ್ರವು ಕಥೆಯನ್ನು ೧೯೯೫ರ ಕಾಶ್ಮೀರಕ್ಕೆ ಸಾಗಿಸಿದೆ. ಶ್ರೀನಗರದ ಲಾಲ್ ಚೌಕದಲ್ಲಿ, ತಲೆ ಬೋಳಿಸಿಕೊಂಡು ಕೊರಳಿಗೆ ಹಗ್ಗ ಬಿಗಿದುಕೊಂಡ ನಾಯಕನು ಹುಚ್ಚನಂತೆ, ಕೂಡಿದ ಜನಜಂಗುಳಿಯನ್ನು ಸಂಬೋಧಿಸಿ ಈ ಪ್ರಶ್ನೆಯನ್ನೆತ್ತುವನು. ಸ್ವಗತವು ಪ್ರಕಾಶವಾಯಿತು, ಅಶ್ರಾವ್ಯವು ಸರ್ವಶ್ರಾವ್ಯವಾಯಿತು. ಇದು ಮೂಲದಿಂದ ಅತಿದೂರ ಹೋದ ರೂಪಾಂತರವೆನಿಸಬಹುದು. ಆದರೆ ಮೂಲದ ಭಾಷಣದಲ್ಲಿ ‘ನಾನು’ ಎಂಬುದಿಲ್ಲ, ಇರುವುದು ‘ನಾವು’. ಕಾಣೆಯಾದವರ ಬಂಧುಗಳ ನಾಡಿನಲ್ಲಿ ಆ ಬಹುವಚನಕ್ಕೆ ನಿಜವಾದ ಅರ್ಥವು ಬಂದಿದೆ.

ಇಷ್ಟು ಬಗೆಯ ಅಭಿನಯಗಳಲ್ಲಿಯೂ ಒಬ್ಬ ಶ್ರೋತೃವಿನ ಕಡೆಗೆ ಯಾರ ದೃಷ್ಟಿಯೂ ಸಾಲದಷ್ಟು ಬಿದ್ದಿಲ್ಲ. ರಾಜನೂ ಮಂತ್ರಿಯೂ ಮರೆಗೆ ಸರಿದಮೇಲೆ ಒಫೀಲಿಯಾ ಹೊರಟುಹೋದಳೆಂಬ ಸೂಚನೆಯು ಎರಡನೆಯ ಕ್ವಾರ್ಟೊದಲ್ಲಾಗಲಿ ಫೋಲಿಯೊದಲ್ಲಾಗಲಿ ಇಲ್ಲ. ಆಕೆಯು ಪುಸ್ತಕವನ್ನು ಹಿಡಿದು ರಂಗದ ಮೇಲೆಯೇ ಇರುವಳು. ಒಲಿವಿಯರ್ ಅವರಲ್ಲಿ ಆಕೆಯನ್ನು ಕೆಳಗೆ ಬಿಟ್ಟು ಮೇಲೇರಲಾಯಿತು. ಕೊಜಿನ್‌ತ್ಸೆವರಲ್ಲಿ ಕಡಲತೀರಕ್ಕೆ ಆಕೆ ಬರಲಿಲ್ಲ. ಬ್ರಾನಾ ಅವರಲ್ಲಿ ಭಾಷಣವು ಮುಗಿದಮೇಲೆಯೇ ಕಾಣಿಸಿಕೊಂಡಳು. ತಾನು ಪ್ರೀತಿಸಿದವನು ಸಾವನ್ನು ಕುರಿತು ಚಿಂತಿಸುತ್ತಿರುವನು. ತಂದೆಯ ಅಪ್ಪಣೆಯಿಂದ ಓದುವಂತೆ ನಟಿಸುತ್ತಿರುವ ಕನ್ಯೆಯು ಕೆಲವು ಹೆಜ್ಜೆಗಳ ದೂರದಲ್ಲಿರುವಳು. ಮುಂದೆ ಬುದ್ಧಿಭ್ರಮಣೆಗೊಂಡು ನೀರಿನಲ್ಲಿ ಮುಳುಗುವವಳು ಆಕೆಯೇ. ಆತನು ವಿಚಾರಿಸಿ ಕೈಬಿಟ್ಟ ದಾರಿಯಲ್ಲಿ ಆಕೆಯು ವಿಚಾರಿಸದೆಯೇ ಹೋದಳು. ಭವಭೂತಿಯ ಛಾಯಾಸೀತೆಯನ್ನು ಬಲ್ಲವರಿಗೆ ಈ ಮೌನಶ್ರವಣದ ಬೆಲೆಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಅಲ್ಲಿ ಕೇಳಿಸಿಕೊಂಡವಳ ಮನಸ್ಸು ತಿಳಿಯಾಯಿತು. ಇಲ್ಲಿ ಕೇಳಿಸಿಕೊಂಡವಳ ಮನಸ್ಸು ಒಡೆಯಿತು.

ಕನ್ನಡದಲ್ಲಿ ಈ ನಾಟಕದ ವಸ್ತುವನ್ನು ಕುವೆಂಪು ಅವರು ‘ರಕ್ತಾಕ್ಷಿ’ಯಲ್ಲಿ ಬಿದನೂರಿನ ಅರಮನೆಗೆ ತಂದಿರುವುದರಿಂದ, ಹ್ಯಾಮ್ಲೆಟನು ಕನ್ನಡದ ಅಧ್ಯಾಪಕರಿಗೂ ಪರಕೀಯನಲ್ಲ. ತರಗತಿಯಲ್ಲಿ ಈ ದೃಶ್ಯವನ್ನು ಬೋಧಿಸುವಾಗ ಚಿತ್ರಗಳನ್ನು ತೋರಿಸುವುದರಿಂದ ಪ್ರಯೋಜನವೇ ಹೆಚ್ಚು. ಒಂದನ್ನೇ ತೋರಿಸುವುದರಿಂದ ಮಾತ್ರ ಹಾನಿಯುಂಟು. ಭಾಷಣವನ್ನು ಪ್ರತ್ಯೇಕಿಸದೆ, ರಾಜನ ಪ್ರವೇಶದಿಂದ ಒಫೀಲಿಯಾಳ ವಿಲಾಪದವರೆಗೆ ದೃಶ್ಯವನ್ನು ಇಡಿಯಾಗಿ ಓದಿಸಿ, ಆಮೇಲೆ ಎರಡು ಮೂರು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಪ್ರತಿಯೊಂದರಲ್ಲಿಯೂ ಕೇಳುತ್ತಿರುವವರು ಯಾರೆಂಬುದನ್ನು ವಿದ್ಯಾರ್ಥಿಗಳಿಂದಲೇ ಹೇಳಿಸುವುದು ಉಚಿತವಾದ ಕ್ರಮ. ಹಾಗೆ ಮಾಡಿದಲ್ಲಿ ಹ್ಯಾಮ್ಲೆಟನ ಹಿಂಜರಿಕೆಯು ಅವನ ಸ್ವಭಾವದ ದೋಷವೆಂದು ಅವರು ಅವಸರದಿಂದ ಬರೆದುಕೊಳ್ಳುವುದಿಲ್ಲ. ಕಿವಿಗಳು ತುಂಬಿದ ಅರಮನೆಯಲ್ಲಿ ಒಬ್ಬ ಮನುಷ್ಯನು ಸತ್ಯವನ್ನು ಎಲ್ಲಿ ನಿಂತು ಆಡಬಹುದೆಂಬ ಪ್ರಶ್ನೆಯೂ ಆ ದೃಶ್ಯದಲ್ಲಿರುವುದು ಅವರಿಗೆ ಆಗ ಕಂಡುಬರುತ್ತದೆ.